ಜೆಸಿಬಿ ಪಕ್ಕ ನಿಂತು ಮಣ್ಣು ನೋಡುವವರು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಬರೆದಿದ್ದೆ. ಅಲ್ಲಿ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವಾಗ, ಪಾಯ ತೋಡುವ ಯಂತ್ರದ ಪಕ್ಕ ಪುರಾತತ್ವದವರೊಬ್ಬರು ನಿಂತು ನೋಡುತ್ತಿರಬೇಕು ಅಂತ ಎಷ್ಟೋ ಕಡೆ ಷರತ್ತು ಹಾಕುತ್ತಾರೆ ಎಂದು. ಅದಕ್ಕೆ ರಾಶಿ ಪತ್ರ ಬಂದಿವೆ. ಕೆಲವರಿಗೆ ಖುಷಿ, ಕೆಲವರಿಗೆ ಸಿಟ್ಟು, ಜಾಸ್ತಿ ಜನಕ್ಕೆ ಕುತೂಹಲ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಇಲ್ಲಿ ಉತ್ತರಿಸುತ್ತಿದ್ದೇನೆ.

ನನ್ನ ಮಗ ಯಾರ್ಕ್‌ನಲ್ಲಿ ಕಟ್ಟಡ ಕಂಪನಿಯೊಂದರಲ್ಲಿ ಎಂಜಿನಿಯರ್. ನಿಮ್ಮ ಟಿಪ್ಪಣಿ ಓದಿ ಅವನಿಗೆ ಫೋನ್ ಮಾಡಿದೆ. "ಅಯ್ಯೋ ಅಮ್ಮ, ಅದೇ ದೊಡ್ಡ ತಲೆನೋವು. ಒಬ್ಬ ಹುಡುಗಿ ಬಂದು ನಿಲ್ಲುತ್ತಾಳೆ, ಕೈ ಎತ್ತಿದರೆ ಮೆಷಿನ್ ನಿಲ್ಲಿಸಬೇಕು, ಆಮೇಲೆ ಕೂತು ಮಣ್ಣು ಕೆರೆಯುತ್ತಾಳೆ" ಅಂದ. ಆಕೆ ಸರ್ಕಾರದ ಇನ್‌ಸ್ಪೆಕ್ಟರಾ? ಅಷ್ಟು ಹೊತ್ತು ಏನು ನೋಡುತ್ತಾಳೆ?
— ಒಬ್ಬ ತಾಯಿ, ತುಮಕೂರು

ಇನ್‌ಸ್ಪೆಕ್ಟರ್ ಅಲ್ಲ ಅಮ್ಮ. ಸಾಮಾನ್ಯವಾಗಿ ಆಕೆ ಒಂದು ಪುರಾತತ್ವ ಸಂಸ್ಥೆಯ ಕೆಲಸಗಾರ್ತಿ. ಆ ಸಂಸ್ಥೆಯನ್ನು ಗೊತ್ತುಮಾಡಿ ದುಡ್ಡು ಕೊಡುವುದು ನಿಮ್ಮ ಮಗನ ಕಂಪನಿಯವರೋ ಜಾಗದ ಮಾಲೀಕರೋ. ಕೆಲಸ ಸರಿಯಾಗಿ ನಡೆಯಿತಾ ಅಂತ ನೋಡುವುದು ಮಾತ್ರ ಪುರಸಭೆಯ ಪುರಾತತ್ವ ಅಧಿಕಾರಿ. ಯಂತ್ರದ ಪಕ್ಕ ಆಕೆ ಹೀಗೆ ನಿಂತು ನೋಡುವ ಕೆಲಸಕ್ಕೆ ಅಲ್ಲಿ ವಾಚಿಂಗ್ ಬ್ರೀಫ್ ಅನ್ನುತ್ತಾರೆ.

ಆಕೆ ನೋಡುವುದು ಮಣ್ಣಿನ ಬಣ್ಣ. ಯಂತ್ರದ ಬಕೆಟ್ಟಿಗೆ ಹಲ್ಲು ಇರಬಾರದು ಅಂತ ಮೊದಲೇ ಹೇಳಿರುತ್ತಾರೆ, ಯಾಕೆಂದರೆ ಹಲ್ಲಿನ ಬಕೆಟ್ ಎಳೆದರೆ ನೆಲ ಉತ್ತ ಹಾಗಾಗುತ್ತದೆ, ಏನೂ ಕಾಣಿಸುವುದಿಲ್ಲ. ಚಪ್ಪಟೆ ಅಂಚಿನ ಬಕೆಟ್ಟಿನಲ್ಲಿ ಒಂದು ಗೇಣಿಗಿಂತ ಕಡಿಮೆ ಮಣ್ಣು ಹೆರೆದು ತೆಗೆದರೆ ನೆಲ ನುಣ್ಣಗೆ ಉಳಿಯುತ್ತದೆ. ಆಗ ಕಂದು ಮಣ್ಣಿನ ನಡುವೆ ಒಂದು ಕಪ್ಪು ದುಂಡು, ಅಥವಾ ಹಳದಿ ಜೇಡಿಮಣ್ಣಿನ ಒಂದು ನೇರ ಪಟ್ಟಿ ಕಾಣಬಹುದು. ದುಂಡು ಅಂದರೆ ಯಾವುದೋ ಕಾಲದಲ್ಲಿ ಕಂಬ ನೆಟ್ಟಿದ್ದ ಗುಣಿ, ಅಥವಾ ಕಸ ಹಾಕುತ್ತಿದ್ದ ಗುಂಡಿ. ನೇರ ಪಟ್ಟಿ ಅಂದರೆ ಬಹುಶಃ ಗೋಡೆಯ ಬುಡ. ನಮ್ಮ ಹಿತ್ತಲಲ್ಲಿ ಹಳೇ ತಿಪ್ಪೆಗುಂಡಿ ಮುಚ್ಚಿದ ಜಾಗಕ್ಕೆ ಗುದ್ದಲಿ ಹಾಕಿದರೆ ಅಲ್ಲಿನ ಮಣ್ಣು ಮೆತ್ತಗೆ, ಕಪ್ಪಗೆ ಬೇರೆಯಾಗಿಯೇ ಬರುತ್ತದೆ ಅಲ್ವಾ, ಅದೇ ಇದು.

ಅದು ಕಂಡ ಕೂಡಲೇ ಕೈ ಎತ್ತುತ್ತಾಳೆ. ಆಮೇಲೆ ಗಾರೆಯವರು ಹಿಡಿಯುವಂಥ ಸಣ್ಣ ಕರಣೆಯಲ್ಲಿ ಕೆರೆಯುತ್ತಾಳೆ. ಪ್ರತಿ ಪದರಕ್ಕೂ, ಪ್ರತಿ ಗುಂಡಿಗೂ ಒಂದೊಂದು ನಂಬರ್. ಒಂದು ಹಾಳೆಯಲ್ಲಿ ಬಣ್ಣ ಏನು, ಮರಳು ಮಣ್ಣಾ ಜೇಡಿಮಣ್ಣಾ, ಇದ್ದಿಲು ಇದೆಯಾ, ಸಿಂಪಿ ಇದೆಯಾ, ಇದು ಯಾವ ಪದರದ ಮೇಲಿದೆ, ಯಾವುದರ ಕೆಳಗಿದೆ, ಎಲ್ಲ ಬರೆಯಬೇಕು. ಅಳತೆಪಟ್ಟಿ ಇಟ್ಟು ಫೋಟೋ. ಸ್ಕೇಲಿಗೆ ತಕ್ಕ ಚಿತ್ರ. ಬಕೆಟ್ಟಿನಲ್ಲಿ ಒಂದಿಷ್ಟು ಮಣ್ಣು, ಆಮೇಲೆ ನೀರಲ್ಲಿ ಜಾಲಿಸಿ ಕಾಳು, ಬೀಜ, ಮೀನಿನ ಮುಳ್ಳು ಹುಡುಕುವುದಕ್ಕೆ. ಇದಿಷ್ಟು ಮುಗಿದ ಮೇಲೆ "ಸರಿ, ಹೊಡೀರಿ" ಅನ್ನುತ್ತಾಳೆ, ಯಂತ್ರ ಮುಂದೆ ಹೋಗುತ್ತದೆ. ಆ ಗುಂಡಿ ಜಗತ್ತಿನಲ್ಲಿ ಇನ್ನಿಲ್ಲ. ಉಳಿಯುವುದು ಆಕೆ ಬರೆದ ಹಾಳೆ ಮಾತ್ರ. ಆ ಕೆರೆತದ ಹೊತ್ತು ನಿಮ್ಮ ಮಗನಿಗೆ ಉದ್ದ ಅನಿಸಿದರೆ ಆಶ್ಚರ್ಯ ಇಲ್ಲ, ಆದರೆ ಅದು ಆ ಜಾಗಕ್ಕೆ ಸಿಗುವ ಒಂದೇ ಒಂದು ಅವಕಾಶ.

ಎಷ್ಟೋ ದಿನ ಏನೂ ಸಿಗುವುದಿಲ್ಲ ಅನ್ನುವುದೂ ನಿಜ. ಬರೀ ಇಟ್ಟಿಗೆ ಚೂರು, ಹಳೇ ಪೈಪು. ಆ ದಿನ ಆಕೆ "ಏನೂ ಇಲ್ಲ" ಅಂತ ಬರೆಯುತ್ತಾಳೆ. ಅದೂ ಬೇಕು. ನಾಳೆ ಪಕ್ಕದ ಸೈಟಿನಲ್ಲಿ ಯಾರಾದರೂ ಕಟ್ಟಲು ಹೊರಟಾಗ, ಇಲ್ಲಿ ಮೇಲಿನ ಎರಡು ಮೀಟರ್ ಆಗಲೇ ಕಲಕಿಹೋಗಿದೆ ಅಂತ ಗೊತ್ತಿದ್ದರೆ ಅವರ ಕೆಲಸ ಸುಲಭ.

ನಿಮ್ಮ ಮಗನಿಗೆ ಎರಡು ಮಾತು ಹೇಳಿ. ಪಾಯ ತೋಡುವ ದಿನ ಯಂತ್ರಕ್ಕೆ ಇನ್ನೊಂದು ಕಡೆಯೂ ಕೆಲಸ ಇರುವ ಹಾಗೆ ಯೋಜನೆ ಮಾಡಿಕೊಂಡರೆ, ಈ ಕಡೆ ನಿಂತರೂ ಆ ಕಡೆ ಕೆಲಸ ಸಾಗುತ್ತದೆ. ಮತ್ತೆ, ಯಾವ ದಿನ ಎಲ್ಲಿ ತೋಡುತ್ತೇವೆ ಅಂತ ಆ ಹುಡುಗಿಗೆ ಮುಂಚೆಯೇ ತಿಳಿಸಲಿ. ಸೈಟಿನಲ್ಲಿ ಜಗಳ ಆಗುವುದು ಹೆಚ್ಚಾಗಿ ಅವತ್ತು ಬೆಳಿಗ್ಗೆ ಫೋನ್ ಮಾಡಿ "ಈಗಲೇ ಬನ್ನಿ" ಅಂದಾಗ.

ಯಾರ್ಕ್‌ನಲ್ಲಿ ಅಂಥದ್ದೇನಿದೆ? ಮತ್ತೆ, ಜೆಸಿಬಿ ಬಾಯಿಗೆ ಸಿಕ್ಕಿದ್ದು ಉಳಿಯುತ್ತದಾ? ಪಕ್ಕ ಒಬ್ಬರು ನಿಂತು ನೋಡಿದ ಮಾತ್ರಕ್ಕೆ ದೊಡ್ಡದೇನಾದರೂ ಸಿಕ್ಕಿದ ಉದಾಹರಣೆ ಇದೆಯಾ?
— ಒಬ್ಬ ಶಾಲಾ ಮೇಷ್ಟ್ರು, ಗದಗ

ಇದೆ ಮೇಷ್ಟ್ರೇ. ಈ ಕಥೆ ಹೇಳುವುದಕ್ಕೆ ನನಗೆ ಯಾವಾಗಲೂ ಇಷ್ಟ.

ಮೊದಲು ಊರಿನ ಬಗ್ಗೆ. ಕ್ರಿ.ಶ. 71ರಲ್ಲಿ ರೋಮನ್ ಸೈನ್ಯ ಅಲ್ಲಿ ಕೋಟೆ ಕಟ್ಟಿತು. ಅವರು ಹೋದ ಮೇಲೆ ಆಂಗ್ಲರು. 866ರಲ್ಲಿ ಸ್ಕ್ಯಾಂಡಿನೇವಿಯಾ ಕಡೆಯಿಂದ ಹಡಗೇರಿ ಬಂದ ವೈಕಿಂಗರು ಊರು ಹಿಡಿದರು. ಆಮೇಲೆ ನಾರ್ಮನ್ನರು, ದೊಡ್ಡ ಚರ್ಚು, ಊರ ಸುತ್ತ ಗೋಡೆ, ರೈಲು, ಚಾಕೊಲೇಟ್ ಕಾರ್ಖಾನೆಗಳು. ಇಷ್ಟೂ ಜನ ಒಬ್ಬರ ಕಸದ ಮೇಲೆ ಇನ್ನೊಬ್ಬರು ಮನೆ ಕಟ್ಟಿಕೊಂಡು ಬದುಕಿದರು, ಹಾಗಾಗಿ ಊರೊಳಗೆ ಹಲವು ಮೀಟರ್ ಆಳದ ತನಕ ಮನುಷ್ಯರು ಮಾಡಿದ ಮಣ್ಣೇ ಇದೆ. ಜೊತೆಗೆ ಊಸ್, ಫಾಸ್ ಅಂತ ಎರಡು ನದಿಗಳು ಅಲ್ಲಿ ಸೇರುತ್ತವೆ. ನಡುವಿನ ನೆಲ ಯಾವಾಗಲೂ ಒದ್ದೆ. ಒದ್ದೆ ಮಣ್ಣಿನೊಳಗೆ ಗಾಳಿ ಆಡುವುದಿಲ್ಲ, ಗಾಳಿ ಇಲ್ಲದ ಕಡೆ ಕೊಳೆಸುವ ಕ್ರಿಮಿಗಳೂ ಬದುಕುವುದಿಲ್ಲ. ಬೇರೆ ಕಡೆ ಐವತ್ತು ವರ್ಷಕ್ಕೆ ಮಣ್ಣಾಗುವ ಮರ, ಚರ್ಮ, ಬಟ್ಟೆ ಅಲ್ಲಿ ಸಾವಿರ ವರ್ಷ ಹಾಗೇ ಇರುತ್ತವೆ.

ಕಾಪರ್‌ಗೇಟ್ ಅನ್ನುವ ಬೀದಿಯಲ್ಲಿ ಒಂದು ಮಿಠಾಯಿ ಕಾರ್ಖಾನೆ ಇತ್ತು. ಅದನ್ನು ತೆಗೆದು ಅಂಗಡಿ ಸಂಕೀರ್ಣ ಕಟ್ಟುವುದು ಅಂತಾಯಿತು. ಅದಕ್ಕೆ ಮುಂಚೆ, 1976ರಿಂದ 1981ರ ತನಕ, ಯಾರ್ಕ್ ಆರ್ಕಿಯಾಲಾಜಿಕಲ್ ಟ್ರಸ್ಟ್‌ನವರು ರಿಚರ್ಡ್ ಹಾಲ್ ಅವರ ಮುಂದಾಳತ್ವದಲ್ಲಿ ಅಲ್ಲಿ ಉತ್ಖನನ ಮಾಡಿದರು. ವೈಕಿಂಗರ ಮನೆಗಳ ಹಲಗೆ ಗೋಡೆಗಳು ನಿಂತ ಹಾಗೇ ಸಿಕ್ಕವು. ಸುಮಾರು 40,000 ವಸ್ತುಗಳು. ಮರದ ಬಟ್ಟಲು ಕಡೆದಾಗ ನಡುವೆ ಉಳಿಯುವ ತಿರುಳಿನ ಗಟ್ಟಿಗಳು, ಚಪ್ಪಲಿ, ರೇಷ್ಮೆಯ ಟೊಪ್ಪಿ, ಉಣ್ಣೆಯ ಒಂಟಿ ಕಾಲುಚೀಲ. ಜಾಗದ ಕೆಳಗೆ ಈಗ ಯೋರ್ವಿಕ್ ಅನ್ನುವ ವಸ್ತುಸಂಗ್ರಹಾಲಯ ಇದೆ, 1984ರಲ್ಲಿ ಶುರುವಾಯಿತು.

ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇದಾದ ಮೇಲೆ ಬರುತ್ತದೆ. ಉತ್ಖನನ ಮುಗಿಯಿತು, ಕಟ್ಟಡದವರು ಇಳಿದರು. 1982ರ ಮೇ 12. ಅಗೆದಿದ್ದ ಜಾಗದ ಆಚೆ, ಪುರಾತತ್ವದವರು ಮುಟ್ಟದೇ ಬಿಟ್ಟಿದ್ದ ಅಂಚಿನಲ್ಲಿ ಯಂತ್ರ ಮಣ್ಣು ತೆಗೆಯುತ್ತಿತ್ತು. ಬಕೆಟ್ಟಿಗೆ ಏನೋ ಗಟ್ಟಿ ತಗುಲಿತು. ಓಡಿಸುತ್ತಿದ್ದವರು ಕಲ್ಲು ಅಂದುಕೊಂಡರು. ಆದರೆ ಅದರಲ್ಲಿ ಚಿನ್ನದ ಬಣ್ಣದ ಒಂದು ಪಟ್ಟಿ ಹೊಳೆಯಿತು. ಅವರು ಯಂತ್ರ ನಿಲ್ಲಿಸಿ ಇಳಿದು ನೋಡಿದರು, ಪುರಾತತ್ವದವರನ್ನು ಕರೆದರು.

ಅದು ಶಿರಸ್ತ್ರಾಣ. ಕಬ್ಬಿಣದ್ದು, ಹಿತ್ತಾಳೆ ಪಟ್ಟಿಯ ಕೆಲಸ. ಮೂಗಿನ ಮೇಲೆ ಇಳಿಯುವ ಪಟ್ಟಿಯಲ್ಲಿ ಹೆಣೆದುಕೊಂಡ ಪ್ರಾಣಿಗಳ ಚಿತ್ತಾರ, ನೆತ್ತಿಯ ಮೇಲೆ ಲ್ಯಾಟಿನ್‌ನಲ್ಲಿ ಒಂದು ಪ್ರಾರ್ಥನೆ, ಅದರೊಳಗೆ ಓಸ್‌ಹೆರೆ ಅನ್ನುವ ಹೆಸರು. ವೈಕಿಂಗರು ಬರುವುದಕ್ಕಿಂತ ಸುಮಾರು ನೂರು ವರ್ಷ ಹಿಂದಿನದು, 8ನೇ ಶತಮಾನದ್ದು. ಆ ಕಾಲದ ಶಿರಸ್ತ್ರಾಣಗಳು ಇಂಗ್ಲೆಂಡಿನಲ್ಲಿ ಸಿಕ್ಕಿರುವುದು ಬೆರಳೆಣಿಕೆಯಷ್ಟು. ಕತ್ತಿನ ಹಿಂದೆ ಇಳಿಬಿಡುವ ಸರಪಳಿಯ ಬಲೆಯನ್ನು ಯಾರೋ ಬಿಚ್ಚಿ ಶಿರಸ್ತ್ರಾಣದ ಒಳಗೇ ಇಟ್ಟಿದ್ದರು. ಅದು ಇದ್ದದ್ದು ಮರದ ಹಲಗೆ ಕಟ್ಟಿದ ಗುಂಡಿಯಲ್ಲಿ, ಬಹುಶಃ ಹಳೇ ಬಾವಿ. ಬೇಕಂತಲೇ ಬಚ್ಚಿಟ್ಟಿದ್ದಾರೆ, ಮತ್ತೆ ಬಂದು ತೆಗೆದುಕೊಳ್ಳಲು ಆಗಿಲ್ಲ.

ಇಲ್ಲಿ ನೋಡಬೇಕಾದ್ದು ಇದು: ಐದು ವರ್ಷ ಅಷ್ಟು ಜನ ಸೂಕ್ಷ್ಮವಾಗಿ ಅಗೆದರೂ ಆ ಬೀದಿಯ ಅತಿ ದೊಡ್ಡ ವಸ್ತು ಸಿಕ್ಕಿದ್ದು ಅವರ ಗೆರೆಯಾಚೆ, ಯಂತ್ರ ನಡೆಯುತ್ತಿದ್ದಾಗ. ಹಾಗಾಗಿ "ಮುಖ್ಯವಾದ್ದು ಆಯಿತು, ಉಳಿದದ್ದು ಸುಮ್ನೆ ತೋಡಿಕೊಳ್ಳಿ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಂತ್ರ ಓಡಿಸುವವರ ಕಣ್ಣಿಗೂ ನಾವು ಕೈಮುಗಿಯಬೇಕು. ಅವರು ನಿಲ್ಲಿಸದೇ ಹೋಗಿದ್ದರೆ ಅದು ಲಾರಿ ಹತ್ತಿ ಎಲ್ಲೋ ಹಳ್ಳ ತುಂಬುವುದಕ್ಕೆ ಹೋಗುತ್ತಿತ್ತು. ಬಕೆಟ್ ಬಡಿದು ಸ್ವಲ್ಪ ಪೆಟ್ಟಾಗಿದೆ ನಿಜ, ಈಗ ಯಾರ್ಕ್‌ಷೈರ್ ಮ್ಯೂಸಿಯಂನಲ್ಲಿ ನೋಡಬಹುದು.

ಇದೆಲ್ಲ ಕೇಳುವುದಕ್ಕೆ ಚೆನ್ನಾಗಿದೆ. ಖರ್ಚು ಯಾರದು? ನಾನು ಸಣ್ಣ ಬಿಲ್ಡರ್. ಒಂದು ತಿಂಗಳು ಕೆಲಸ ನಿಂತರೆ ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ.
— ಒಬ್ಬ ಓದುಗರು, ಬೆಂಗಳೂರು

ನಿಮ್ಮ ಕಷ್ಟ ಸುಳ್ಳಲ್ಲ. ಅಲ್ಲಿಯೂ ಮೊದಮೊದಲು ಹೀಗೇ ಜಗಳ ಆಗಿದೆ.

1979ರಲ್ಲಿ ಬ್ರಿಟನ್ನಿನಲ್ಲಿ ಒಂದು ಕಾಯ್ದೆ ಬಂತು. ಅದರ ಪ್ರಕಾರ ಐದು ಊರುಗಳ ಹಳೇ ಭಾಗವನ್ನು ವಿಶೇಷ ಪ್ರದೇಶ ಅಂತ ಗುರುತಿಸಿದರು: ಯಾರ್ಕ್, ಚೆಸ್ಟರ್, ಕ್ಯಾಂಟರ್‌ಬರಿ, ಎಕ್ಸೆಟರ್, ಹೆರೆಫರ್ಡ್. ಅಲ್ಲಿ ನೆಲ ಅಗೆಯುವವರು ಆರು ವಾರ ಮೊದಲೇ ನೋಟಿಸ್ ಕೊಡಬೇಕು. ಬೇಕಾದರೆ ಪುರಾತತ್ವದವರು ನಾಲ್ಕೂವರೆ ತಿಂಗಳ ತನಕ ಸಮಯ ತೆಗೆದುಕೊಂಡು ಅಗೆಯಬಹುದು. ಆದರೆ ದುಡ್ಡು ಯಾರು ಕೊಡಬೇಕು ಅಂತ ಆ ಕಾಯ್ದೆ ಹೇಳಲಿಲ್ಲ.

1989ರಲ್ಲಿ ಲಂಡನ್ನಿನಲ್ಲಿ ಒಂದು ಆಫೀಸ್ ಕಟ್ಟಡದ ಜಾಗದಲ್ಲಿ ರೋಸ್ ಅನ್ನುವ ನಾಟಕಶಾಲೆಯ ಬುಡ ಸಿಕ್ಕಿತು. 1587ರದ್ದು, ಷೇಕ್ಸ್‌ಪಿಯರ್ ನಾಟಕ ಆಡಿದ್ದ ಜಾಗ. ನಟರು, ಊರಿನವರು ಬಂದು ಸೈಟಿಗೆ ಅಡ್ಡ ನಿಂತರು. ಕೊನೆಗೆ ಕಟ್ಟಡದ ನಕ್ಷೆಯನ್ನೇ ಬದಲಿಸಿ ಅವಶೇಷ ಕೆಳಗೆ ಉಳಿಯುವ ಹಾಗೆ ಕಟ್ಟಿದರು. ಕಟ್ಟಿಸುವವರಿಗೂ ನಷ್ಟ, ಸರ್ಕಾರಕ್ಕೂ ಮುಖಭಂಗ. ಮರುವರ್ಷ, 1990ರ ನವೆಂಬರಿನಲ್ಲಿ, ಸರ್ಕಾರ ಹೊಸ ಮಾರ್ಗಸೂಚಿ ತಂದಿತು. ಅದರ ಸಾರ ಇಷ್ಟು: ಕಟ್ಟಲು ಅನುಮತಿ ಕೇಳುವ ಮೊದಲೇ ನೆಲದೊಳಗೆ ಏನಿರಬಹುದು ಅಂತ ನೋಡಿಕೊಂಡು ಬನ್ನಿ. ಅಗೆಯಲೇಬೇಕಾದರೆ ಅದನ್ನು ದಾಖಲಿಸುವ ಖರ್ಚು ನಿಮ್ಮದೇ. ಆಮೇಲೆ ಆ ಮಾರ್ಗಸೂಚಿಯ ಜಾಗಕ್ಕೆ ಬೇರೆ ಬೇರೆ ದಾಖಲೆ ಬಂದರೂ ತತ್ವ ಅದೇ ಇದೆ.

ಇದರಿಂದ ಬಿಲ್ಡರುಗಳಿಗೆ ಆದ ಲಾಭ ನೋಡಿ. ಮೊದಲೇ ನಾಲ್ಕು ಕಡೆ ಪರೀಕ್ಷಾ ಗುಂಡಿ ತೋಡಿ ನೋಡಿದರೆ ಯಾವ ಮೂಲೆಯಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ನೆಲಮಾಳಿಗೆಯನ್ನು ಆ ಮೂಲೆಯಿಂದ ಈ ಮೂಲೆಗೆ ಸರಿಸಬಹುದು. ಜಾಗ ಕೊಳ್ಳುವಾಗಲೇ ಬೆಲೆಯಲ್ಲಿ ಚೌಕಾಸಿ ಮಾಡಬಹುದು. ಏನು ಮಾಡಬೇಕು, ಎಷ್ಟು ದಿನ, ಯಾವ ಆಳದ ತನಕ ಅಂತ ಬರವಣಿಗೆಯಲ್ಲಿ ಒಪ್ಪಂದ ಆಗಿರುತ್ತದೆ, ಪುರಸಭೆ ಅದಕ್ಕೆ ಸಹಿ ಹಾಕಿರುತ್ತದೆ. ನಡುವೆ ಬಂದು ಯಾರೋ ನಿಲ್ಲಿಸಿಬಿಡುತ್ತಾರೆ ಅನ್ನುವ ಭಯ ಕಡಿಮೆ. ಬಡ್ಡಿ ಏರುವುದು ಗೊತ್ತಿಲ್ಲದೇ ಎಡವಿದಾಗ. ಸಣ್ಣ ಮನೆ ಕಟ್ಟುವವರಿಗೆ ಇದು ಭಾರ ಆಗುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಅಂಥ ಕಡೆ ಪೂರ್ತಿ ಉತ್ಖನನ ಕೇಳುವುದಿಲ್ಲ, ಪಾಯ ತೋಡುವ ದಿನ ಒಬ್ಬರು ಬಂದು ನಿಂತರೆ ಸಾಕು ಅನ್ನುತ್ತಾರೆ. ವಾಚಿಂಗ್ ಬ್ರೀಫ್ ಹೆಚ್ಚಾಗಿ ಬಳಕೆಯಾಗುವುದೇ ಇಂಥ ಸಣ್ಣ ಕೆಲಸಗಳಿಗೆ.

ಚಿನ್ನ ಸಿಕ್ಕರೆ ಯಾರಿಗೆ?
— ಇದನ್ನು ಕೇಳಿದವರು ತುಂಬಾ ಜನ

ಇಂಗ್ಲೆಂಡಿನಲ್ಲಿ 1996ರ ಕಾಯ್ದೆ ಪ್ರಕಾರ 300 ವರ್ಷಕ್ಕಿಂತ ಹಳೆಯ ಚಿನ್ನ ಬೆಳ್ಳಿಯ ವಸ್ತು ಸಿಕ್ಕರೆ 14 ದಿನದೊಳಗೆ ಕರೋನರ್ ಅನ್ನುವ ಅಧಿಕಾರಿಗೆ ತಿಳಿಸಬೇಕು. ಮ್ಯೂಸಿಯಂ ಅದನ್ನು ತೆಗೆದುಕೊಂಡರೆ ಬೆಲೆ ಕಟ್ಟಿ ಬಹುಮಾನ ಕೊಡುತ್ತಾರೆ. ಆದರೆ ಸಂಬಳಕ್ಕೆ ಕೆಲಸ ಮಾಡುವ ಪುರಾತತ್ವದವರಿಗೆ ಬಹುಮಾನ ಇಲ್ಲ. ಅವರಿಗೆ ಸಾಮಾನ್ಯವಾಗಿ ಸಿಗುವುದೂ ಮಡಕೆ ಚೂರು ಮತ್ತು ಮೂಳೆ.

ಮನುಷ್ಯರ ಮೂಳೆ ಸಿಕ್ಕರೆ ಏನು ಮಾಡುತ್ತಾರೆ? ನಮ್ಮ ಕಡೆಯಾದರೆ ದೋಷ ಅಂತ ಶಾಂತಿ ಮಾಡಿಸುತ್ತಾರೆ. ಅಲ್ಲಿ ಅದರ ಮೇಲೇ ಮನೆ ಕಟ್ಟಿಬಿಡುತ್ತಾರಾ?
— ಒಬ್ಬ ಗೃಹಿಣಿ, ಶಿರಸಿ

ಮೊದಲು ಕೆಲಸ ನಿಲ್ಲುತ್ತದೆ. ಇತ್ತೀಚಿನ ಸಾವು ಅಲ್ಲವಲ್ಲ ಅಂತ ಪೊಲೀಸರಿಗೆ ಖಾತ್ರಿಯಾಗಬೇಕು. ಹೂಳಿದ ದೇಹವನ್ನು ತೆಗೆಯಲು 1857ರ ಒಂದು ಕಾಯ್ದೆಯಡಿ ನ್ಯಾಯ ಇಲಾಖೆಯ ಪರವಾನಗಿ ಬೇಕು. ದಾರಿಹೋಕರಿಗೆ ಕಾಣದ ಹಾಗೆ ಮರೆ ಕಟ್ಟುತ್ತಾರೆ. ಸಣ್ಣ ಮರದ ಕಡ್ಡಿ, ಬ್ರಷ್ಷು ಹಿಡಿದು ಬೆರಳಿನ ಒಂದೊಂದು ಗಿಣ್ಣನ್ನೂ ಬಿಡಿಸುತ್ತಾರೆ. ಎಡಗೈ ಬಲಗೈ ಬೇರೆ ಬೇರೆ ಚೀಲಕ್ಕೆ. ಆಮೇಲೆ ಕೆಲವನ್ನು ಅಧ್ಯಯನಕ್ಕೆ ಇಟ್ಟುಕೊಳ್ಳುತ್ತಾರೆ, ಕೆಲವನ್ನು ಮತ್ತೆ ಮಣ್ಣು ಮಾಡುತ್ತಾರೆ, ಪರವಾನಗಿಯಲ್ಲಿ ಏನು ಬರೆದಿದೆಯೋ ಹಾಗೆ.

ಯಾರ್ಕ್‌ನ ಡ್ರಿಫೀಲ್ಡ್ ಟೆರೇಸ್ ಅನ್ನುವ ಕಡೆ 2004–05ರಲ್ಲಿ ಒಂದು ಹಳೇ ಬಂಗಲೆಯ ತೋಟದಲ್ಲಿ ಕಟ್ಟಡ ಕೆಲಸಕ್ಕೆ ಮೊದಲು ಅಗೆದರು. ರೋಮನ್ ಕಾಲದ ಸುಮಾರು 80 ಜನರ ಅಸ್ಥಿಪಂಜರ ಸಿಕ್ಕಿತು. ಹೆಚ್ಚುಕಡಿಮೆ ಎಲ್ಲರೂ ಗಟ್ಟಿಮುಟ್ಟಾದ ಗಂಡಸರು, ವಯಸ್ಸಾದವರಲ್ಲ. ಬಹಳ ಜನರ ತಲೆ ಕಡಿದಿತ್ತು. ಮೂಳೆಯಲ್ಲಿ ಹಳೇ ಗಾಯ ಮಾಸಿದ ಗುರುತುಗಳು. ಇವರು ಅಖಾಡದಲ್ಲಿ ಹೋರಾಡಿಸಲು ಸಾಕಿದ್ದ ಗ್ಲಾಡಿಯೇಟರುಗಳಿರಬಹುದು ಅಂತ ಹಲವರ ಅಭಿಪ್ರಾಯ, ಸೈನಿಕರು ಅನ್ನುವವರೂ ಇದ್ದಾರೆ. ಡಿಎನ್‌ಎ ನೋಡಿದಾಗ ಅವರಲ್ಲಿ ಒಬ್ಬನ ಮೂಲ ಈಗಿನ ಮಧ್ಯಪ್ರಾಚ್ಯದ ಕಡೆಯದು ಅಂತ ತಿಳಿಯಿತು. 2025ರಲ್ಲಿ ಇನ್ನೊಂದು ಸಂಶೋಧನೆ ಬಂತು, ಒಬ್ಬನ ಸೊಂಟದ ಮೂಳೆಯಲ್ಲಿರುವ ತೂತುಗಳು ದೊಡ್ಡ ಮೃಗದ, ಬಹುಶಃ ಸಿಂಹದ, ಹಲ್ಲಿನ ಗುರುತು ಅಂತ. ಇಂಗ್ಲೆಂಡಿನ ಆ ಚಳಿ ಊರಲ್ಲಿ ಒಬ್ಬ ಹುಡುಗನ ಮೇಲೆ ಸಿಂಹ ಬಿಟ್ಟಿದ್ದರು ಅಂತ ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತದೆ. ಅವನಿಗೆ ಯಾವ ಕಲ್ಲೂ ಇಲ್ಲ, ಹೆಸರೂ ಇಲ್ಲ. ಅವನಿಗೆ ಏನಾಯಿತು ಅಂತ ನಮಗೆ ತಿಳಿಯಲು ಆ ಅಗೆತ ಒಂದೇ ಕಾರಣ. ಶಾಂತಿ ಮಾಡಿಸುವವರ ಭಾವನೆಯನ್ನು ನಾನು ಹಗುರ ಮಾಡುವುದಿಲ್ಲ. ಹೋದವರನ್ನು ಗಮನಿಸಬೇಕು ಅನ್ನುವುದು ಅದರ ಹಿಂದಿನ ಮನಸ್ಸು. ಬೆರಳ ಗಿಣ್ಣು ಎಣಿಸಿ ಎತ್ತಿಡುವವರದ್ದೂ ಅದೇ ಮನಸ್ಸು.

ಅಷ್ಟೆಲ್ಲ ಇದ್ದರೆ ಊರನ್ನೇ ಪೂರ್ತಿ ಅಗೆದು ನೋಡಿಬಿಡಬಹುದಲ್ಲ? ಯಾಕೆ ಕಟ್ಟಡದವರು ಬರುವ ತನಕ ಕಾಯುವುದು?
— ಇತಿಹಾಸದ ವಿದ್ಯಾರ್ಥಿ, ಮಂಗಳೂರು

ಅಗೆಯುವುದೆಂದರೆ ನಾಶ ಮಾಡುವುದೇ, ಎಷ್ಟು ಜೋಪಾನವಾಗಿ ಮಾಡಿದರೂ. ಹಾಗಾಗಿ ಯಾರ್ಕ್‌ನ ಮೊದಲ ನಿಯಮ ಅಗೆಯದೇ ಬಿಡುವುದು. 1991ರಲ್ಲಿ ಆರಪ್ ಅನ್ನುವ ಎಂಜಿನಿಯರಿಂಗ್ ಸಂಸ್ಥೆಯವರು ವಿಶ್ವವಿದ್ಯಾಲಯದ ಜೊತೆ ಸೇರಿ ಒಂದು ಅಧ್ಯಯನ ಮಾಡಿದರು. ಅದರಿಂದ ಬಂದ ನಿಯಮ ಅಲ್ಲಿ ಈಗಲೂ ಹೆಸರುವಾಸಿ: ಹೊಸ ಕಟ್ಟಡದ ಪಾಯ ಕೆಳಗಿನ ಹಳೇ ಪದರಗಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ಹಾಳು ಮಾಡಬಾರದು. ಉಳಿದ 95 ಹಾಗೇ ಇರಬೇಕು. ಅದಕ್ಕೆ ಅಗಲ ಪಾಯದ ಬದಲು ದೂರ ದೂರಕ್ಕೆ ಪೈಲ್, ಅಂದರೆ ನೆಲದಾಳಕ್ಕೆ ಹೋಗುವ ಕಂಬ, ಇಳಿಸುತ್ತಾರೆ. ಪೈಲ್ ಎಲ್ಲಿ ಬರಬೇಕು ಅನ್ನುವುದನ್ನು ಪರೀಕ್ಷಾ ಗುಂಡಿಯಲ್ಲಿ ಕಂಡದ್ದು ನೋಡಿ ತೀರ್ಮಾನಿಸುತ್ತಾರೆ.

ಇದರಲ್ಲಿ ಒಂದು ತೊಡಕಿದೆ. ಮಣ್ಣು ಒದ್ದೆಯಾಗಿದ್ದರೆ ಮಾತ್ರ ಒಳಗಿನದು ಉಳಿಯುತ್ತದೆ ಅಂದೆನಲ್ಲ, ಸುತ್ತ ಕಟ್ಟಡ ಎದ್ದು ನೀರಿನ ಮಟ್ಟ ಇಳಿದರೆ ಯಾರೂ ಮುಟ್ಟದೆಯೇ ಒಳಗೊಳಗೇ ಕೊಳೆಯುತ್ತದೆ. ಹಾಗಾಗಿ ಮುಚ್ಚಿಟ್ಟು ಮರೆತುಬಿಡುವ ಹಾಗಿಲ್ಲ, ಕೊಳವೆ ಇಳಿಸಿ ನೀರಿನ ಮಟ್ಟ ನೋಡುತ್ತಿರಬೇಕಾಗುತ್ತದೆ. ಕೆಲವು ಕಡೆ ಉಳಿಸಲು ಸಾಧ್ಯವೇ ಇಲ್ಲ ಅಂತಾದರೆ ಪೂರ್ತಿ ಅಗೆಯುತ್ತಾರೆ. ಹಂಗೇಟ್ ಅನ್ನುವ ಬಡಾವಣೆಯಲ್ಲಿ ಹೊಸ ಮನೆಗಳಿಗಾಗಿ 2006ರಿಂದ 2011ರ ತನಕ ಅಗೆದರು.

ಒದ್ದೆ ಮಣ್ಣು ಏನೇನು ಉಳಿಸುತ್ತದೆ ಅನ್ನುವುದಕ್ಕೆ ಒಂದು ಮಾತು. 1972ರಲ್ಲಿ ಬ್ಯಾಂಕೊಂದರ ಕಟ್ಟಡದ ಜಾಗದಲ್ಲಿ ಅಗೆದಾಗ 9ನೇ ಶತಮಾನದ ಮನುಷ್ಯನೊಬ್ಬನ ಮಲ ಗಟ್ಟಿಯಾಗಿ ಇಡಿಯಾಗಿ ಸಿಕ್ಕಿತು, 20 ಸೆಂಟಿಮೀಟರ್ ಉದ್ದ. ಪರೀಕ್ಷಿಸಿದಾಗ ಅವನು ಮಾಂಸ, ರೊಟ್ಟಿ ತಿನ್ನುತ್ತಿದ್ದ, ಹೊಟ್ಟೆ ತುಂಬ ಜಂತುಹುಳುವಿನ ಮೊಟ್ಟೆ ಇತ್ತು ಅಂತ ಗೊತ್ತಾಯಿತು. ರಾಜರ ಶಾಸನದಲ್ಲಿ ಇಂಥದ್ದು ಸಿಗುವುದಿಲ್ಲ ನೋಡಿ.

ನಮ್ಮ ಮನೆ ಶ್ರೀರಂಗಪಟ್ಟಣದಲ್ಲಿ. ಹಳೇ ಮನೆ ಕೆಡವಿ ಕಟ್ಟಬೇಕು. ಸ್ಮಾರಕ ಹತ್ತಿರ ಇದ್ದರೆ ಅನುಮತಿ ಬೇಕು ಅನ್ನುತ್ತಾರೆ. ಆದರೆ ಪಾಯ ತೋಡುವಾಗ ನೋಡಲು ಯಾರೂ ಬರುವುದಿಲ್ಲ. ನಮ್ಮಲ್ಲಿ ಯಾಕೆ ಹೀಗೆ? ಏನಾದರೂ ಸಿಕ್ಕರೆ ಹೇಳಲು ಹೆದರಿಕೆ, ಜಾಗವೇ ಹೋದೀತು ಅಂತ.
— ಒಬ್ಬ ಓದುಗರು, ಶ್ರೀರಂಗಪಟ್ಟಣ

ಈ ಪತ್ರ ಓದಿ ಬಹಳ ಹೊತ್ತು ಯೋಚಿಸಿದೆ. ನೀವು ಕೇಳಿದ್ದೇ ಮುಖ್ಯವಾದ ಪ್ರಶ್ನೆ.

ನಮ್ಮ ಕಾನೂನು ದೂರವನ್ನು ಅಳೆಯುತ್ತದೆ. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ, ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. ರಿಪೇರಿಗೂ ಕೇಳಬೇಕು. ನಿಮ್ಮ ಮನೆ ಎಷ್ಟು ದೂರದಲ್ಲಿದೆ ಅಂತ ನೀವು ಬರೆದಿಲ್ಲ, ಮೊದಲು ಅದನ್ನು ಅಳೆಸಿ. ಈ ನಿಯಮದಿಂದ ಸ್ಮಾರಕದ ನೋಟ ಉಳಿಯುತ್ತದೆ, ಅದಕ್ಕೆ ಬೆಲೆ ಇದೆ. ಆದರೆ ಹಳೇ ಊರು ಅನ್ನುವುದು ಗುಡಿ ಮತ್ತು ಕೋಟೆ ಬಾಗಿಲು ಮಾತ್ರ ಅಲ್ವಲ್ಲ. ಕುಂಬಾರನ ಒಲೆ, ಟಂಕಸಾಲೆ, ಬಟ್ಟೆಗೆ ಬಣ್ಣ ಹಾಕುತ್ತಿದ್ದ ತೊಟ್ಟಿ, ಸಿಪಾಯಿಗಳ ಮನೆ, ಇವೆಲ್ಲ ಈಗಿನ ಮನೆಗಳ ಕೆಳಗೆ ಇರುತ್ತವೆ. 300 ಮೀಟರ್ ದಾಟಿದರೆ ಕೆಳಗೆ ಏನಿದೆ ಅಂತ ಕಾನೂನು ಕೇಳುವುದೇ ಇಲ್ಲ. 300 ಮೀಟರ್ ಒಳಗೂ ಕಟ್ಟಡದ ಎತ್ತರದ ಮಾತೇ ಜಾಸ್ತಿ.

ಸಿಗುವುದಂತೂ ಸಿಗುತ್ತಲೇ ಇದೆ. 2012ರಲ್ಲಿ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರ ಮೆಟ್ರೋಗೆ ಅಗೆಯುವಾಗ ಹಳೇ ಫಿರಂಗಿಗಳು ಸಿಕ್ಕವು. ಫಿರಂಗಿ ದೊಡ್ಡದು, ಯಾರ ಕಣ್ಣಿಗಾದರೂ ಬೀಳುತ್ತದೆ. ಅದರ ಸುತ್ತ ಇದ್ದ ಮಣ್ಣಿನಲ್ಲಿ ಏನು ಬರೆದಿತ್ತು ಅನ್ನುವುದನ್ನು ಓದಲು ಒಬ್ಬರು ಮೊದಲಿನಿಂದ ಅಲ್ಲಿ ನಿಂತಿರಬೇಕು.

ಮಣ್ಣು ಓದುವುದು ನಮಗೆ ಹೊಸದೂ ಅಲ್ಲ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಮಾಡಿದ್ದು ಇದೇ. ಕೆಳಗೆ ಕಲ್ಲಿನ ಕೊಡಲಿಯ ಜನ, ಅವರ ಮೇಲೆ ದೊಡ್ಡ ಕಲ್ಲಿನ ಸಮಾಧಿ ಕಟ್ಟಿದವರು, ಅವರ ಮೇಲೆ ಶಾತವಾಹನರ ಕಾಲ. ಯಾವುದು ಮೊದಲು ಯಾವುದು ಆಮೇಲೆ ಅಂತ ಮಡಕೆ ಚೂರು ಸಿಕ್ಕ ಪದರ ನೋಡಿ ಹೇಳಿದರು. ಕೆಲವು ಮಡಕೆಗಳಿಗೆ ಕಾಲ ಸಿಕ್ಕಿದ್ದು, ಅಂಥದ್ದೇ ಮಡಕೆ ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ರೋಮನ್ ಪಾತ್ರೆಗಳ ಜೊತೆ ಸಿಕ್ಕಿದ್ದರಿಂದ. ಅದೇ ಜಿಲ್ಲೆಯ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೇ ಸಿಕ್ಕಿವೆ. ಯಾರ್ಕ್‌ನಲ್ಲಿ ಕೋಟೆ ಕಟ್ಟಿದ ಅದೇ ರೋಮ್. ಆ ಚೂರುಗಳನ್ನು ಯಂತ್ರ ಕಲಸಿ ಒಂದು ರಾಶಿ ಹಾಕಿದ್ದರೆ ನಮಗೆ ಬರೀ ಒಡೆದ ಮಡಕೆ ಉಳಿಯುತ್ತಿತ್ತು.

ನಿಮ್ಮ ಹೆದರಿಕೆ ವಿಷಯ. ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆ ಇದೆ, ನೆಲದಲ್ಲಿ ಹೂತಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ. ಬಚ್ಚಿಟ್ಟರೆ ಅಪರಾಧ. ಆದರೆ ಹೇಳಿದವರಿಗೆ ತೊಂದರೆ ಆಗದ ಹಾಗೆ, ಬೇಗ ಬಂದು ನೋಡಿ ಬೇಗ ಬಿಟ್ಟುಕೊಡುವ ವ್ಯವಸ್ಥೆ ಇಲ್ಲದಿದ್ದರೆ ಜನ ರಾತ್ರೋರಾತ್ರಿ ಮಣ್ಣು ಮುಚ್ಚುತ್ತಾರೆ, ಅದಕ್ಕೆ ಜನರನ್ನು ಬೈದು ಪ್ರಯೋಜನ ಇಲ್ಲ. ನನ್ನ ಕೇಳಿದರೆ ಶ್ರೀರಂಗಪಟ್ಟಣ, ಬಾದಾಮಿ, ಬನವಾಸಿ, ಲಕ್ಕುಂಡಿ, ಇಂಥ ಊರುಗಳ ಹಳೇ ಭಾಗಕ್ಕೆ ಒಂದು ನಕ್ಷೆ ಮಾಡಬೇಕು. ಆ ನಕ್ಷೆಯೊಳಗೆ ಪಾಯ ತೋಡುವವರು ವಾರ ಮೊದಲು ಪುರಸಭೆಗೆ ಹೇಳಬೇಕು, ತರಬೇತಾದ ಒಬ್ಬರು ಎರಡು ದಿನ ಬಂದು ನಿಲ್ಲಬೇಕು, ಸ್ವಂತ ಮನೆ ಕಟ್ಟುವವರಿಗೆ ಅದರ ಖರ್ಚು ಹೊರಿಸಬಾರದು, ದೊಡ್ಡ ಯೋಜನೆಗಳಾದರೆ ಅವರೇ ಕೊಡಲಿ. ಇದಕ್ಕೆ ದೊಡ್ಡ ಇಲಾಖೆ ಬೇಡ. ಇತಿಹಾಸ, ಪುರಾತತ್ವ ಓದಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ನಮ್ಮ ಜಿಲ್ಲೆ ಜಿಲ್ಲೆಯಲ್ಲೂ ಇದ್ದಾರೆ.

ಅದು ಆಗುವ ತನಕ ನೀವು ಮಾಡಬಹುದಾದ್ದು ಇದೆ. ಯಂತ್ರದವರಿಗೆ ಮೊದಲ ದಿನವೇ ಹೇಳಿ, ಕಟ್ಟಿದ ಕಲ್ಲು, ಮಡಕೆ ರಾಶಿ, ಮೂಳೆ ಏನಾದರೂ ಕಂಡರೆ ನಿಲ್ಲಿಸಿ ಅಂತ. ಕಂಡರೆ ಕೀಳಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಟೇಪು ಇಟ್ಟು ಫೋಟೋ ತೆಗೆಯಿರಿ, ಗುಂಡಿಯ ಗೋಡೆಯದೂ ಒಂದು ಫೋಟೋ ಇರಲಿ, ಅಲ್ಲೇ ಪದರ ಕಾಣುವುದು. ನೆಲಮಟ್ಟದಿಂದ ಎಷ್ಟು ಅಡಿ ಕೆಳಗೆ ಅಂತ ಬರೆದಿಡಿ. ಪುರಾತತ್ವ ಇಲಾಖೆಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಆ ಸ್ವೀಕೃತಿಯೇ ನಿಮಗೆ ರಕ್ಷಣೆ.

ಮಗಳು ಬಿ.ಎ. ಇತಿಹಾಸ ಓದುತ್ತಿದ್ದಾಳೆ. ಯಾರ್ಕ್‌ನ ಆ ಹುಡುಗಿಯ ಹಾಗೆ ಸೈಟಿನಲ್ಲಿ ನಿಲ್ಲುವ ಕೆಲಸ ಬೇಕು ಅನ್ನುತ್ತಾಳೆ. ಏನು ಓದಿಸಲಿ?
— ಒಬ್ಬ ಅಪ್ಪ, ಧಾರವಾಡ

ಬಹಳ ಸಂತೋಷ. ದೂರ ಹೋಗಬೇಕಿಲ್ಲ, ನಿಮ್ಮ ಊರಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಪ್ರಾಚೀನ ಇತಿಹಾಸ, ಶಾಸನ ಕಲಿಸುತ್ತಾರೆ. ಪುಣೆಯ ಡೆಕ್ಕನ್ ಕಾಲೇಜು ಪುರಾತತ್ವಕ್ಕೆ ಹೆಸರಾದದ್ದು. ಎಲ್ಲಿ ಓದಿದರೂ ರಜೆಯಲ್ಲಿ ಉತ್ಖನನ ನಡೆಯುವ ಕಡೆ ಹೋಗಿ ಕೈ ಮಣ್ಣು ಮಾಡಿಕೊಳ್ಳಲಿ. ಚಿತ್ರ ಬರೆಯುವುದು, ನೆಲದ ಎತ್ತರ ತಗ್ಗು ಅಳೆಯುವ ಲೆವೆಲ್ ಹಿಡಿಯುವುದು, ಮಡಕೆ ಚೂರು ಗುರುತಿಸುವುದು ಪುಸ್ತಕದಿಂದ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಕೆಲಸ ಮಾಡುವುದಾದರೆ ಪದವಿಯ ಜೊತೆಗೆ ಕಟ್ಟಡ ಕಾರ್ಮಿಕರಿಗೆ ಕೊಡುವ ಸುರಕ್ಷತೆಯ ಕಾರ್ಡನ್ನೂ ಎಷ್ಟೋ ಸೈಟುಗಳಲ್ಲಿ ಕೇಳುತ್ತಾರೆ, ಯಾಕೆಂದರೆ ನಿಲ್ಲುವುದು ಯಂತ್ರದ ಪಕ್ಕ. ಸಂಬಳ ಅಲ್ಲಿಯ ಲೆಕ್ಕಕ್ಕೆ ದೊಡ್ಡದಲ್ಲ, ಮಳೆ ಚಳಿ ಎರಡೂ ಜಾಸ್ತಿ, ಇದನ್ನು ಮೊದಲೇ ತಿಳಿದಿರಲಿ.

ಸದ್ಯಕ್ಕೆ ಒಂದು ಕೆಲಸ ಹೇಳಿ. ಆರ್ಕಿಯಾಲಜಿ ಡೇಟಾ ಸರ್ವಿಸ್ ಅಂತ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಒಂದು ಸಂಗ್ರಹ ಇದೆ. ಬ್ರಿಟನ್ನಿನ ಸಣ್ಣ ದೊಡ್ಡ ಸೈಟುಗಳ ವಾಚಿಂಗ್ ಬ್ರೀಫ್ ವರದಿಗಳು ರಾಶಿ ರಾಶಿ ಅಲ್ಲಿವೆ, ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಓದಬಹುದು. ದೊಡ್ಡ ದೊಡ್ಡ ಉತ್ಖನನದ್ದು ಬಿಟ್ಟು, ಯಾವುದೋ ಮನೆಯ ಹಿಂದೆ ಚರಂಡಿ ತೋಡಿದಾಗ ಬರೆದ ಹತ್ತಿಪ್ಪತ್ತು ಪುಟದ ವರದಿಗಳನ್ನು ಓದಲಿ. ಓದುತ್ತಾ ಪದರಗಳ ಚಿತ್ರವನ್ನು ತಾನೂ ಬರೆದು ನೋಡಲಿ. ಅರ್ಥವಾಗದ್ದು ಇದ್ದರೆ ನನಗೆ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಅವಳ ಪ್ರಶ್ನೆಗೇ ಮೊದಲ ಜಾಗ.